ಆನ್‌ಲೈನ್ ಆರ್ಕಿಡ್ ಕಿಟ್‌ನಲ್ಲಿ ಜೈಗೋಪೆಟಲಮ್ ಪಾಟ್ ಬದಲಿಸಿದ್ದು: 450 ರೂಪಾಯಿಗೆ ಏನು ಸಿಕ್ಕಿತು

ಮೊದಲೇ ಹೇಳಿಬಿಡುತ್ತೇನೆ, ಆರ್ಕಿಡ್ ಪಾಟ್ ಬದಲಿಸುವ ಈ ಕಿಟ್‌ಗೆ ನನ್ನ ಲೆಕ್ಕದಲ್ಲಿ ಐದರಲ್ಲಿ ಎರಡೂವರೆ. ಅದೂ ಪಾಟ್ ಮತ್ತು ಪೈನ್ ತೊಗಟೆ ಚೆನ್ನಾಗಿತ್ತು ಅಂತ. "ಎಲ್ಲ ಬಗೆಯ ಆರ್ಕಿಡ್‌ಗೂ ಸೂಕ್ತ" ಅಂತ ಪ್ಯಾಕೆಟ್ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿದ್ದಾರಲ್ಲ, ಆ ಮಾತಿಗೇ ನನ್ನ ತಕರಾರು. ಜೈಗೋಪೆಟಲಮ್ ಅನ್ನುವ ಆರ್ಕಿಡ್‌ಗೆ ಇದನ್ನು ಇದ್ದ ಹಾಗೇ ಹಾಕಿದರೆ ಆಗಿಬರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಂತೂ ಆಗುವುದೇ ಇಲ್ಲ. ಕಂಪನಿ ಹೆಸರು ಹಾಕುತ್ತಿಲ್ಲ, ಇದೇ ಸಾಮಾನು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಒಳಗಿರುವುದು ಹೆಚ್ಚುಕಮ್ಮಿ ಒಂದೇ.

ಡಬ್ಬದಲ್ಲಿ ಬಂದದ್ದು ಇಷ್ಟು. ತೊಗಟೆ, ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಎಲ್ಲ ಕಲಸಿದ ಒಂದು ಚೀಲ. ಎರಡು ಪಾರದರ್ಶಕ ಪ್ಲಾಸ್ಟಿಕ್ ಪಾಟ್. ಒಂದು ಹಿಡಿ ಒಣ ಸ್ಫ್ಯಾಗ್ನಮ್ ಮಾಸ್ (ನೀರು ಹಿಡಿದಿಡುವ ಹಾವಸೆ), ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ 19:19:19 ಗೊಬ್ಬರದ ಪೊಟ್ಟಣ, ಸೂಚನೆಯ ಒಂದು ಚೀಟಿ. ಬೆಲೆ 450 ರೂಪಾಯಿ. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಗೆ ಕೊರಿಯರಿನವನು ಬರುವುದಿಲ್ಲ, ಪೇಟೆಗೆ ಹೋಗಿ ತರಬೇಕು, ಆ ಖರ್ಚು ಬೇರೆ. ಶಿವಮೊಗ್ಗದಿಂದ ಬಂದಿದ್ದ ಅತ್ತಿಗೆ ಚೀಲ ಬಿಚ್ಚಿ ನೋಡಿ, "ಅಲ್ಲ ಮಾರಾಯ್ತಿ, ದುಡ್ಡು ಕೊಟ್ಟು ತೆಂಗಿನ ಸಿಪ್ಪೆ ತರಿಸ್ಕೊಂಡ್ಯಾ? ಬಚ್ಚಲ ಒಲೆ ಪಕ್ಕ ರಾಶಿ ಬಿದ್ದಿದೆಯಲ್ಲ!" ಅಂದರು. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಅದಕ್ಕೆ ಆಮೇಲೆ ಬರುತ್ತೇನೆ.

ಗಿಡದ ಬಗ್ಗೆ ಸ್ವಲ್ಪ ಹೇಳದೆ ಕಿಟ್ ಬಗ್ಗೆ ಹೇಳಿದರೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಆರ್ಕಿಡ್ ಅಂದರೆ ಕಣ್ಣಿಗೆ ಬರುವುದು ಸೀತಾಳೆ ದಂಡೆ. ಹಲಸಿನ ಮರಕ್ಕೋ ಮಾವಿನ ಮರಕ್ಕೋ ಅಂಟಿಕೊಂಡು, ಬೇರನ್ನು ಗಾಳಿಗೆ ಬಿಟ್ಟು, ಮಳೆ ಹೊಡೆದರೂ ಬಿಸಿಲು ಹೊಡೆದರೂ ತನ್ನ ಪಾಡಿಗೆ ಇರುವ ಗಿಡ ಅದು. ಅದನ್ನು ನೋಡಿ ಬೆಳೆದವರು ಯಾವ ಆರ್ಕಿಡ್ ಕೊಟ್ಟರೂ ಸಿಪ್ಪೆಗೆ ಕಟ್ಟಿ ನೇತುಹಾಕುತ್ತಾರೆ. ಜೈಗೋಪೆಟಲಮ್ ಆ ಜಾತಿಯಲ್ಲ. ಇದರ ಊರು ದಕ್ಷಿಣ ಅಮೆರಿಕ, ಜಾಸ್ತಿ ಬ್ರೆಜಿಲ್. ಇದರಲ್ಲಿ ಹಲವು ಬಗೆಗಳು ನೆಲದ ಮೇಲೆ, ಕೊಳೆತ ತರಗೆಲೆಯ ನಡುವೆ ಬೇರು ಬಿಟ್ಟು ಬೆಳೆಯುತ್ತವೆ. ಮ್ಯಾಕ್ಸಿಲಾರೆ ಅನ್ನುವ ಬಗೆ ಮರದಂತೆ ಬೆಳೆಯುವ ಜರೀಗಿಡದ ಕಾಂಡದ ಮೇಲೆ ಬರುತ್ತದೆ. ಅಲ್ಲೂ ತೇವ ಇದ್ದೇ ಇರುತ್ತದೆ. ಅಂದರೆ ಇದಕ್ಕೆ ಬೇರು ಪೂರ್ತಿ ಒಣಗುವುದೂ ಬೇಡ, ನೀರಲ್ಲಿ ಉಸಿರುಗಟ್ಟುವುದೂ ಬೇಡ. ತಂಪು ಬೇಕು. ರಾತ್ರಿ 12ರಿಂದ 15 ಡಿಗ್ರಿಗೆ ಇಳಿದರೆ ಖುಷಿ, ಹಗಲು 28 ದಾಟಿದರೆ ಮುಖ ಬಾಡಿಸಿಕೊಳ್ಳುತ್ತದೆ. ನನ್ನ ಹತ್ತಿರ ಇರುವುದು ಆರ್ಟರ್ ಎಲ್ಲೆ ಅನ್ನುವ ಹೈಬ್ರಿಡ್ ಅಂತ ಕೊಟ್ಟವರು ಹೇಳಿದ್ದು. ಹಸಿರು ಎಸಳಿನ ಮೇಲೆ ಕಂದು ಮಚ್ಚೆ, ಕೆಳಗಿನ ಅಗಲ ಎಸಳಲ್ಲಿ ನೇರಳೆ ಗೆರೆ. ವಾಸನೆಯಂತೂ ಜಗಲಿಯಲ್ಲಿಟ್ಟರೆ ಪಡಸಾಲೆವರೆಗೆ ಬರುತ್ತದೆ.

ಕಿಟ್ ಹೇಗಿದೆ ಅಂತ ಸರಿಯಾಗಿ ಗೊತ್ತಾಗಲಿ ಅಂತ ಒಂದೇ ಗಿಡವನ್ನು ಎರಡು ಭಾಗ ಮಾಡಿದೆ. ಒಂದಕ್ಕೆ ಚೀಲದಲ್ಲಿದ್ದ ಮಿಶ್ರಣ, ಚೀಟಿಯಲ್ಲಿ ಹೇಳಿದ ಹಾಗೇ. ಇನ್ನೊಂದಕ್ಕೆ ಅದೇ ಮಿಶ್ರಣವನ್ನು ಜರಡಿ ಹಿಡಿದು, ಸಿಪ್ಪೆಯ ದೊಡ್ಡ ಚೂರನ್ನೆಲ್ಲ ಆರಿಸಿ ತೆಗೆದು, ನಮ್ಮನೆ ಒಲೆಯ ಇದ್ದಿಲು ಸೇರಿಸಿ. ಎರಡೂ ಪಕ್ಕಪಕ್ಕ, ಪೂರ್ವದ ಜಗಲಿಯಲ್ಲಿ.

ಈ ಸಿಪ್ಪೆಯ ಬಗ್ಗೆ ಹೇಳಲೇಬೇಕು. ಚೀಲದಲ್ಲಿ ಮುಕ್ಕಾಲು ಪಾಲು ಅದೇ. ಹೆಬ್ಬೆರಳು ಗಾತ್ರದ ಚೂರು, ತೊಳೆದೇ ಇಲ್ಲ. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ, ಜೈಗೋ ಬೇರಿಗೆ ಉಪ್ಪು ಆಗದು, ಎಲೆಯ ತುದಿ ಕಪ್ಪಾಗುವುದು ಬಹಳ ಸಲ ಅದರಿಂದಲೇ. ಆರಿಸಿ ತೆಗೆದ ಚೂರನ್ನು ಬಕೆಟಿನಲ್ಲಿ ನೆನೆಸಿದೆ, ಬೆಳಿಗ್ಗೆ ನೋಡಿದರೆ ನೀರು ಕಷಾಯದ ಬಣ್ಣ. ಚೆಲ್ಲಿ ಮತ್ತೆ ನೆನೆಸಿದರೂ ಬಣ್ಣ ಬಿಡುತ್ತಲೇ ಇತ್ತು. ಚೀಟಿಯಲ್ಲಿ ಇದರ ಬಗ್ಗೆ ಒಂದು ಅಕ್ಷರ ಇಲ್ಲ, "ನೇರವಾಗಿ ಬಳಸಿ" ಅಂತಿದೆ. ನೇರವಾಗಿ ಬಳಸಿದವರ ಗಿಡದ ಗತಿ ಏನೋ. ಎರಡನೇ ತೊಂದರೆ ಗಾತ್ರದ್ದು. ದೊಡ್ಡ ಚೂರು ಹೊರಗೆ ಒಣಗಿದಂತೆ ಕಾಣುತ್ತದೆ, ಮುರಿದು ನೋಡಿದರೆ ಒಳಗೆ ತೊಟ್ಟಿಕ್ಕುವಷ್ಟು ಒದ್ದೆ. ಬಯಲುಸೀಮೆಯ ಬಿಸಿಲಿಗೆ ಅದು ಒಳ್ಳೆಯದೇ ಇರಬಹುದು. ಆಷಾಢದಲ್ಲಿ, ವಾರಗಟ್ಟಲೆ ಬಟ್ಟೆ ಒಣಗದ ನಮ್ಮೂರಲ್ಲಿ, ಪಾಟಿನ ನಡುವೆ ಅಂಥ ಒದ್ದೆ ಗಂಟು ಕೂತರೆ ಬೇರಿಗೆ ಗಾಳಿ ಎಲ್ಲಿಂದ ಬರಬೇಕು?

ತೊಗಟೆ ಮಾತ್ರ ಒಳ್ಳೆಯದು, ಸುಳ್ಳು ಹೇಳಬಾರದು. ಅರ್ಧ ಇಂಚಿಗಿಂತ ಸಣ್ಣ ಚೂರು, ಗಟ್ಟಿಯಾಗಿದೆ, ಪುಡಿ ಕಮ್ಮಿ. ಜೈಗೋ ಬೇರು ದಪ್ಪ ಇದ್ದರೂ ಅದಕ್ಕೆ ಇಂಥ ಸಣ್ಣ ತೊಗಟೆಯೇ ಸರಿ, ತೇವ ಒಂದೇ ಸಮ ಇರುತ್ತದೆ, ನಡುನಡುವೆ ಗಾಳಿಯೂ ಆಡುತ್ತದೆ. ಚೀಲದ ತುಂಬ ಇದನ್ನೇ ಕೊಟ್ಟಿದ್ದರೆ ನಾನು ಕಣ್ಣುಮುಚ್ಚಿ ಐದಕ್ಕೆ ನಾಲ್ಕು ಕೊಡುತ್ತಿದ್ದೆ. ಇದ್ದಿಲು ಸುಮಾರು, ಬರೀ ಮಸಿ. ಅದರ ಬದಲು ಒಲೆಯ ಇದ್ದಿಲನ್ನೇ ಬೂದಿ ಹೋಗುವಂತೆ ಚೆನ್ನಾಗಿ ತೊಳೆದು ಹಾಕಿದೆ. ಅತ್ತಿಗೆ ಗೆದ್ದದ್ದು ಇಲ್ಲಿ. ಆದರೆ ಪೈನ್ ತೊಗಟೆ ನಮ್ಮ ಬಚ್ಚಲ ಪಕ್ಕ ಬಿದ್ದಿರುವುದಿಲ್ಲವಲ್ಲ.

ಪಾಟ್ ಬದಲಿಸುವ ಕೆಲಸಕ್ಕೆ ಬರೋಣ, ಚೀಟಿ ಇಲ್ಲೂ ಕೈಕೊಡುತ್ತದೆ. "ವರ್ಷದ ಯಾವ ಕಾಲದಲ್ಲಾದರೂ ಮಾಡಬಹುದು" ಅಂತ ಬರೆದಿದೆ. ಖಂಡಿತ ಅಲ್ಲ. ಹೂವು ಮುಗಿದು, ಬುಡದಲ್ಲಿ ಹೊಸ ಚಿಗುರು ಒಂದೆರಡು ಇಂಚು ಬಂದು, ಅದರಿಂದ ಹೊಸ ಬೇರಿನ ಬಿಳಿ ಮೂತಿ ಇಣುಕುವ ಹೊತ್ತು ಇದೆಯಲ್ಲ, ಅದೇ ಸರಿಯಾದ ಕಾಲ. ನಮ್ಮಲ್ಲಿ ಶಿವರಾತ್ರಿಯಿಂದ ಯುಗಾದಿ ನಡುವೆ ಬರುತ್ತದೆ. ಆಗ ಬದಲಿಸಿದರೆ ಜೂನ್ ಮಳೆ ಹಿಡಿಯುವಷ್ಟರಲ್ಲಿ ಬೇರು ಹೊಸ ತೊಗಟೆಯನ್ನು ಕಚ್ಚಿಕೊಂಡಿರುತ್ತದೆ. ಮಳೆ ನಡುವೆ ಬೇರು ಕತ್ತರಿಸಿದರೆ ಗಾಯ ಒಣಗುವುದಿಲ್ಲ, ಕೊಳೆ ಶುರು.

ಹಳೇ ಪಾಟಿನಿಂದ ಗಿಡ ಬಿಡಿಸುವಾಗ ತೊಗಟೆ ಕರಗಿ ಕಪ್ಪು ರಾಡಿ ಆಗಿತ್ತು, ಅದಕ್ಕೇ ಬದಲಿಸಬೇಕು ಅನ್ನುವುದು, ವರ್ಷ ಎರಡು ವರ್ಷಕ್ಕೊಮ್ಮೆ. ನೀರಲ್ಲಿ ನಿಧಾನಕ್ಕೆ ತೊಳೆದು ಬೇರನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಬೇಕು. ಗಟ್ಟಿ, ಬೆಳ್ಳಗೆ ಇದ್ದರೆ ಜೀವ ಇದೆ. ಸತ್ತ ಬೇರನ್ನು ಹಿಡಿದು ಎಳೆದರೆ ಹೊರಗಿನ ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗೆ ದಾರದಂಥ ಎಳೆ ಉಳಿಯುತ್ತದೆ. ಅದನ್ನು ಬುಡಕ್ಕೇ ಕತ್ತರಿಸಬೇಕು, ಬ್ಲೇಡನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿಕೊಂಡು. ಭಾಗ ಮಾಡುವುದಾದರೆ ಒಂದೊಂದರಲ್ಲೂ ಕನಿಷ್ಠ 3 ಗೆಡ್ಡೆ (ಎಲೆಯ ಬುಡದಲ್ಲಿ ಉಬ್ಬಿದ ಕಾಂಡ) ಇರಲಿ, ಒಂದೊಂದೇ ಗೆಡ್ಡೆ ಕಿತ್ತು ನೆಂಟರಿಗೆಲ್ಲ ಹಂಚಲು ಇದೇನು ಡೇರೆ ಗೆಡ್ಡೆಯಲ್ಲ. ಕತ್ತರಿಸಿದ ಜಾಗಕ್ಕೆ ಅಡುಗೆಮನೆಯ ದಾಲ್ಚಿನ್ನಿ ಪುಡಿ ಒಂದು ಚಿಟಿಕೆ ಸಾಕು. ಬೇರಿಗೆ ತಾಗಿಸಬೇಡಿ, ಅದು ಬೇರನ್ನು ಒಣಗಿಸುತ್ತದೆ. ಹಳೇ ಗೆಡ್ಡೆ ಪಾಟಿನ ಅಂಚಿಗೆ ಒರಗಿರಲಿ, ಚಿಗುರಿನ ಮುಖ ಖಾಲಿ ಜಾಗದ ಕಡೆಗೆ. ಚಿಗುರಿನ ಬುಡ ತೊಗಟೆಯಲ್ಲಿ ಹುಗಿದು ಹೋಗಬಾರದು, ಮೇಲ್ಮಟ್ಟಕ್ಕೆ ಸರಿಯಾಗಿ ಕೂರಬೇಕು. ಗಿಡ ಅಲ್ಲಾಡದಂತೆ ಒಂದು ಕಡ್ಡಿ ಕಟ್ಟಿ.

ಪಾಟ್ ಬಗ್ಗೆ ದೂರಿಲ್ಲ. ತಳದಲ್ಲೂ ಬದಿಯಲ್ಲೂ ತೂತು ಇದೆ, ಗಾತ್ರವೂ ಹದ, ಎರಡು ವರ್ಷದ ಬೆಳವಣಿಗೆಗೆ ಸಾಕಾಗುವಷ್ಟೇ. ಪಾರದರ್ಶಕ ಆಗಿದ್ದರಿಂದ ಬೇರು ಹೊರಗಿನಿಂದಲೇ ಕಾಣುತ್ತದೆ, ನನಗೆ ಎರಡು ಮಿಶ್ರಣದ ವ್ಯತ್ಯಾಸ ಕಂಡದ್ದೂ ಅದರಿಂದಲೇ. ಮಳೆ ಜೋರಾದ ಮೇಲೆ ಇದ್ದ ಹಾಗೇ ತುಂಬಿದ ಪಾಟಿನಲ್ಲಿ ಸಿಪ್ಪೆಗೆ ಅಂಟಿದ ಬೇರೆಲ್ಲ ಕಂದಾದವು, ಒಳಗೋಡೆಯಲ್ಲಿ ಪಾಚಿ. ಗೆಡ್ಡೆ ಸುಕ್ಕುಗಟ್ಟಿತು. ಇಲ್ಲೇ ಜನ ದಾರಿ ತಪ್ಪುವುದು, ಗೆಡ್ಡೆ ಸುಕ್ಕಾದರೆ ನೀರು ಸಾಲದು ಅಂತ ಇನ್ನಷ್ಟು ಹೊಯ್ಯುತ್ತಾರೆ. ಬೇರು ಕೊಳೆತರೂ ಗೆಡ್ಡೆ ಸುಕ್ಕಾಗುತ್ತದೆ, ಯಾಕೆಂದರೆ ನೀರು ಎಳೆಯಲು ಬೇರೇ ಇಲ್ಲ. ಜರಡಿ ಹಿಡಿದ ಪಾಟಿನಲ್ಲಿ ಬೇರು ಅಂಚಿನ ಸುತ್ತ ಬೆಳ್ಳಗೆ ಓಡಿತ್ತು.

ಗೊಬ್ಬರದ ಪೊಟ್ಟಣದ ಮೇಲೆ ಒಂದು ಲೀಟರಿಗೆ 5 ಗ್ರಾಂ ಅಂತಿದೆ. ಅದು ತರಕಾರಿ ಗಿಡದ ಲೆಕ್ಕ ಇರಬೇಕು! ನಾನು ಹಾಕುವುದು ಲೀಟರಿಗೆ ಅರ್ಧ ಗ್ರಾಂ, ಅದೂ ಬೆಳೆಯುವ ಕಾಲದಲ್ಲಿ ಮಾತ್ರ, ನಡುವೆ ಬರೀ ನೀರು ಧಾರಾಳವಾಗಿ ಹೊಯ್ದು ಉಳಿದ ಉಪ್ಪನ್ನು ತೊಳೆದುಬಿಡುತ್ತೇನೆ. ಮಾಸ್ ನಮ್ಮಲ್ಲಿ ಬೇಡ. ಸುಮ್ನೆ ತೇವ ಜಾಸ್ತಿ.

ಚೀಟಿಯ ನೀರಿನ ಸಲಹೆ, "ವಾರಕ್ಕೊಮ್ಮೆ ಹಾಕಿ, ಪೂರ್ತಿ ಒಣಗಿದ ಮೇಲೆ ಮತ್ತೆ ಹಾಕಿ." ಡೆಂಡ್ರೋಬಿಯಂ ಅನ್ನುವ ಇನ್ನೊಂದು ಆರ್ಕಿಡ್‌ಗೆ ಹೇಳುವ ಮಾತನ್ನು ಎಲ್ಲದಕ್ಕೂ ಅಂಟಿಸಿದ್ದಾರೆ. ಜೈಗೋ ಬೆಳೆಯುವಾಗ ನೀರು ಕಮ್ಮಿಯಾದರೆ ಹೊಸ ಎಲೆ ನೆರಿಗೆ ನೆರಿಗೆಯಾಗಿ ಬರುತ್ತದೆ, ಆ ನೆರಿಗೆ ಮತ್ತೆ ಬಿಚ್ಚುವುದಿಲ್ಲ. ಬೆರಳು ತೊಗಟೆಯಲ್ಲಿ ತೂರಿ ನೋಡಿ, ಒಣಗಲು ಶುರುವಾದಾಗಲೇ ಹಾಕಬೇಕು. ಬೆಳಿಗ್ಗೆ, ಬುಡಕ್ಕೆ. ಎಲೆ ತೆಳು, ಸಂಜೆ ಅದರ ಮೇಲೆ ನೀರು ನಿಂತರೆ ಕಪ್ಪು ಚುಕ್ಕೆ ಗ್ಯಾರಂಟಿ. ಮಳೆಗಾಲದಲ್ಲಿ ಎಷ್ಟು ನೋಡಿಕೊಂಡರೂ ನಾಲ್ಕು ಚುಕ್ಕೆ ಬರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಸೂರಿನ ನೀರು ಬೀಳದ, ಗಾಳಿ ಆಡುವ ಜಾಗದಲ್ಲಿಟ್ಟರೆ ಸಾಕು. ಚುಕ್ಕೆ ಕಂಡಿತು ಅಂತ ಅಡಿಕೆ ತೋಟಕ್ಕೆ ಕಲಸಿದ ಮೈಲುತುತ್ತದ ಕೊಳೆ ಔಷಧಿಯನ್ನೇ ತಂದು ಇದಕ್ಕೂ ಹೊಡೆಯುವವರಿದ್ದಾರೆ. ಬೇಡ. ಮೈಲುತುತ್ತ ಕೆಲವು ಆರ್ಕಿಡ್‌ಗೆ, ಡೆಂಡ್ರೋಬಿಯಂಗಂತೂ, ಎಲೆ ಸುಡುವಷ್ಟು ಖಾರ. ಇನ್ನೊಂದು ಶತ್ರು ಸಿಂಬಳದ ಹುಳು. ಹೂದಂಟು ಹೊಸ ಚಿಗುರಿನ ಜೊತೆಗೇ ಅದರ ಬುಡದಿಂದ ಬರುತ್ತದೆ, ಎಳೆಯದಾಗಿರುವಾಗ ಒಂದು ರಾತ್ರಿಯಲ್ಲಿ ಕೆರೆದು ಹಾಕುತ್ತವೆ. ಟಾರ್ಚ್ ಹಿಡಿದು ಹುಡುಕಿ ತೆಗೆಯದೆ ಬೇರೆ ದಾರಿಯಿಲ್ಲ.

ಚಳಿ ಬಿದ್ದ ಮೇಲೆ ಜರಡಿ ಹಿಡಿದ ಪಾಟಿನ ಗಿಡದಲ್ಲಿ ಹೂದಂಟು ಬಂತು, ಹೂವು ತಿಂಗಳಿಗೂ ಮೇಲೆ ನಿಂತಿತು. ಇನ್ನೊಂದು ಬದುಕಿದೆ ಅಷ್ಟೇ. ಅದನ್ನು ಆ ಮಿಶ್ರಣದಿಂದ ಬಿಡಿಸಿ ಬರೀ ತೊಗಟೆಗೆ ಹಾಕಿದ್ದೇನೆ.

ಶಿವಮೊಗ್ಗ ಪೇಟೆಯಲ್ಲಿ ಇರುವವರಿಗೆ ಲೆಕ್ಕ ಸ್ವಲ್ಪ ಬೇರೆ. ಅತ್ತಿಗೆ ಮನೆ ವಿನೋಬನಗರದಲ್ಲಿ, ತಾರಸಿಯ ಮೇಲೆ ಹಸಿರು ನೆಟ್ ಕಟ್ಟಿದ್ದಾರೆ. ಏಪ್ರಿಲ್‌ನಲ್ಲಿ ಅಲ್ಲಿ 36 ಡಿಗ್ರಿ ಮಾಮೂಲು. ಅಲ್ಲಿ ತೊಗಟೆ ಬೇಗ ಒಣಗುತ್ತದೆ, ಕಿಟ್‌ನ ಮಾಸ್ ಸ್ವಲ್ಪ ಸೇರಿಸಿದರೆ ಉಪಯೋಗಕ್ಕೆ ಬರುತ್ತದೆ, ತೊಳೆದ ಸಿಪ್ಪೆಯ ಸಣ್ಣ ಚೂರೂ ನಡೆಯುತ್ತದೆ. ಆದರೆ ತಾರಸಿ ಬೇಡ, ಕೆಳಗೆ ಪೂರ್ವದ ಕಡೆ ನೆರಳಿರಲಿ, ಬೋರ್‌ವೆಲ್ ನೀರು ಗಡುಸಾಗಿದ್ದರೆ ಮಳೆನೀರು ಹಿಡಿದಿಟ್ಟು ಹಾಕಿ. ಅಷ್ಟು ಮಾಡಿದರೂ ಅಲ್ಲಿ ತೀರ್ಥಹಳ್ಳಿಯಷ್ಟು ಹೂ ಬರುತ್ತದೆ ಅಂತ ನಾನು ಹೇಳಲಾರೆ. ತಾರಸಿಯ ಬಿಸಿಯಲ್ಲೇ ಇಡಬೇಕು ಅಂದರೆ ಡೆಂಡ್ರೋಬಿಯಂ ತಗೊಳ್ಳಿ.

ಮುಂದಿನ ಸಲ ನಾನು ಕಿಟ್ ತರಿಸುವುದಿಲ್ಲ. ಸಣ್ಣ ಗಾತ್ರದ ಪೈನ್ ತೊಗಟೆ ಬಿಡಿಯಾಗಿ ಸಿಗುತ್ತದೆ, ತೂತಿನ ಪಾಟೂ ಬಿಡಿಯಾಗಿ ಸಿಗುತ್ತದೆ. ತೊಗಟೆ ಐದು ಪಾಲು, ಇದ್ದಿಲು ಒಂದು, ಪರ್ಲೈಟ್ ಒಂದು, ಇಷ್ಟೇ ನನ್ನ ಮಿಶ್ರಣ. ಕಿಟ್ ಈಗಾಗಲೇ ತಂದಿಟ್ಟುಕೊಂಡಿದ್ದರೆ ಅಡಿಕೆ ಜರಡಿಯಲ್ಲಿ ಒಮ್ಮೆ ಆಡಿಸಿ ಸಿಪ್ಪೆ ಬೇರೆ ಮಾಡಿ. ನಾನು ಬೇರೆ ಮಾಡಿದ ಸಿಪ್ಪೆ ಆಂಥೂರಿಯಂ ಕುಂಡಗಳಿಗೆ ಹೋಯಿತು, ಅವಕ್ಕೆ ಅದೇ ಇಷ್ಟ.