ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ: ಕಲಬುರಗಿ ಬಿಸಿಲಿಗೆ, ಬೀದರ್‌ನ ಕೆಂಪು ಗೋಡೆಗೆ ಎಷ್ಟು ಒಗ್ಗುತ್ತದೆ?

ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್‌ನಲ್ಲಿ ಕೈ ಪಳಗಿದ ಮೇಲೆ ಹವ್ಯಾಸಿಗಳು ಕೊಳ್ಳುವ ಎರಡನೇ ಲೆನ್ಸ್ ಹೆಚ್ಚಾಗಿ ಇದೇ. ಕ್ಯಾನನ್ ಇದನ್ನು 2015ರಲ್ಲಿ ತಂದಿತು. ತೂಕ ಸುಮಾರು 160 ಗ್ರಾಂ, ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು, ಮೌಂಟ್ ಲೋಹದ್ದು. ಪೋರ್ಟ್ರೇಟ್‌ಗೂ ಪೋಸ್ ಕೊಡಿಸದೆ ತೆಗೆಯುವ ದಿನನಿತ್ಯದ ಕ್ಯಾಂಡಿಡ್‌ಗೂ ಈ ಬೆಲೆಗೆ ಇದಕ್ಕಿಂತ ಒಳ್ಳೆಯ ಲೆನ್ಸ್ ಹೊಸದಾಗಿ ಸಿಗುವುದು ಕಷ್ಟ. ಎಫ್ ಅಂಕಿ ಎಂದರೆ ಬೆಳಕು ಬಿಡುವ ಕಿಂಡಿಯ, ಅಂದರೆ ಅಪರ್ಚರ್‌ನ ಅಳತೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಹೆಚ್ಚು, ಹಿನ್ನೆಲೆ ಹೆಚ್ಚು ಮಸುಕು. ಆದರೆ ಇದನ್ನು ಕೊಳ್ಳುವುದು ಎಫ್/1.8ರ ಆಸೆಗೆ, ಕೈಗೆ ಒಳ್ಳೆಯ ಫೋಟೋ ಬರುವುದು ಎಫ್/2.8ರಲ್ಲಿ. ಕಲಬುರಗಿ, ಬೀದರ್, ಯಾದಗಿರಿಯ ಬೆಳಕಿನಲ್ಲಂತೂ ಈ ಮಾತು ಇನ್ನೂ ಗಟ್ಟಿ. ಇಲ್ಲಿ ಕೊಟ್ಟಿರುವ ಲೆಕ್ಕಗಳೆಲ್ಲ ಇಒಎಸ್ 1500ಡಿ, 200ಡಿ ಮಾರ್ಕ್ 2 ತರಹದ, ಬೆಳಕು ಹಿಡಿಯುವ ಸೆನ್ಸರ್ ಸಣ್ಣದಿರುವ ಕ್ಯಾಮೆರಾಗಳಿಗೆ.

ಮೊದಲು ಲಾಭದ ಲೆಕ್ಕ. ಕಿಟ್ ಲೆನ್ಸ್ 55 ಎಂಎಂಗೆ ಬಂದಾಗ ಅಪರ್ಚರ್ ಎಫ್/5.6ಕ್ಕೆ ನಿಲ್ಲುತ್ತದೆ. ಎಫ್/1.8ರಲ್ಲಿ ಅದರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಐಎಸ್‌ಒ ಎಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂಬ ಅಂಕಿ, ಅದು ಏರಿದಷ್ಟೂ ಚಿತ್ರ ಕಾಳು ಕಾಳಾಗುತ್ತದೆ. ಕಿಟ್ ಲೆನ್ಸ್‌ಗೆ ಐಎಸ್‌ಒ 6400 ಬೇಕಾಗುವ ಸಂಜೆಯ ಪಡಸಾಲೆಯಲ್ಲಿ ಇದಕ್ಕೆ 640 ಸಾಕು. ಕಾಳು ಕಾಳಾಗಿ ಕಾಣುತ್ತಿದ್ದ ಚರ್ಮ ನುಣುಪಾಗುತ್ತದೆ, ಕಣ್ಣಿನ ರೆಪ್ಪೆ ಒಂದೊಂದಾಗಿ ಬಿಡಿಬಿಡಿಯಾಗಿ ನಿಲ್ಲುತ್ತದೆ.

ಇನ್ನು ಎಫ್/1.8 ಯಾಕೆ ಕೈಕೊಡುತ್ತದೆ ಎಂಬುದು. ಒಂದೂವರೆ ಮೀಟರ್ ದೂರದಿಂದ ಕ್ಯಾಮೆರಾ ನಿಲುವಾಗಿ ಹಿಡಿದರೆ ಫ್ರೇಮ್ ಸುಮಾರು 67 ಸೆಂ.ಮೀ. ಎತ್ತರ, 45 ಸೆಂ.ಮೀ. ಅಗಲ. ತಲೆ, ಭುಜ, ಎದೆ ಸರಿಯಾಗಿ ಕೂರುತ್ತವೆ. ಆ ದೂರದಲ್ಲಿ ಎಫ್/1.8 ಇಟ್ಟರೆ ಚೊಕ್ಕವಾಗಿ ಕಾಣುವ ಆಳ 6 ಸೆಂ.ಮೀ. ಮಾತ್ರ. ಒಂದು ಮೀಟರ್‌ಗೆ ಹತ್ತಿರ ಹೋದರೆ ಅದು 3 ಸೆಂ.ಮೀ.ಗಿಂತ ಕಡಿಮೆ. ಮುಖ ಸ್ವಲ್ಪ ಓರೆಯಾಗಿದ್ದರೂ ಸಾಕು, ಹತ್ತಿರದ ಕಣ್ಣು ಚೂಪು, ಆಚೆ ಕಣ್ಣು ಮಸುಕು, ಮೂಗುತಿ ಮಸುಕು, ಕಿವಿ ಇದ್ದೂ ಇಲ್ಲದಂತೆ. ಒಂದೂವರೆ ಮೀಟರ್‌ನಲ್ಲೇ ಎಫ್/2.8 ಇಟ್ಟರೆ ಆಳ ಒಂಬತ್ತೂವರೆ ಸೆಂ.ಮೀ. ಆಗುತ್ತದೆ. ಎರಡೂ ಕಣ್ಣು, ಮೂಗುತಿ, ತುಟಿ ಒಟ್ಟಿಗೆ ನಿಲ್ಲುತ್ತವೆ, ಹಿಂದಿನ ಗೋಡೆ ಮಾತ್ರ ಕರಗುತ್ತದೆ. ಅಜ್ಜಿ ಮೊಮ್ಮಗು ಇಬ್ಬರೂ ಇರುವ ಚಿತ್ರಕ್ಕೆ ಎಫ್/4ಕ್ಕಿಂತ ಕೆಳಗೆ ಇಳಿಯಲೇಬೇಡಿ, ಇಬ್ಬರ ಮುಖವನ್ನೂ ಕ್ಯಾಮೆರಾದಿಂದ ಒಂದೇ ದೂರಕ್ಕೆ ತನ್ನಿ.

ಬಿಸಿಲಿನ ಲೆಕ್ಕವೂ ಎಫ್/2.8ರ ಕಡೆಗೇ ವಾಲುತ್ತದೆ. ಬೇಸಿಗೆಯಲ್ಲಿ ನಮ್ಮಲ್ಲಿ ತಾಪ 40 ಡಿಗ್ರಿ ದಾಟುತ್ತದೆ, ಬೆಳಗ್ಗೆ ಒಂಬತ್ತಕ್ಕೇ ನೆರಳು ಗಡುಸಾಗುತ್ತದೆ. ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ 100, ಎಫ್/1.8 ಇಟ್ಟರೆ ಷಟರ್ 1/8000 ಸೆಕೆಂಡ್ ಮಾತ್ರ ತೆರೆದಿರಬೇಕು. ಈ ಕ್ಯಾಮೆರಾಗಳಲ್ಲಿ 1/4000ಕ್ಕೆ ಮುಗಿಯಿತು. ವ್ಯೂಫೈಂಡರ್‌ನಲ್ಲಿ 4000 ಎಂಬ ಅಂಕಿ ಮಿಣುಕುತ್ತಿದ್ದರೆ ಅದರ ಅರ್ಥ ಇಷ್ಟೇ: ಬಿಳಿ ಅಂಗಿ, ಹಣೆ, ಕೆನ್ನೆಯ ಮೇಲ್ಭಾಗ ಸುಟ್ಟು ಬೆಳ್ಳಗಾಗಲಿವೆ, ಆಮೇಲೆ ಯಾವ ಎಡಿಟಿಂಗ್‌ನಲ್ಲೂ ವಾಪಸ್ ಬರುವುದಿಲ್ಲ. ಎಫ್/2.8ಕ್ಕೆ ತಂದರೆ 1/3200, ಕೆಲಸ ಸಲೀಸು. ಬಿಸಿಲಲ್ಲೂ 1.8 ಬೇಕೇ ಬೇಕು ಎನ್ನುವವರು ಬೆಳಕನ್ನು ಎಂಟನೇ ಒಂದು ಪಾಲಿಗೆ ಇಳಿಸುವ, 49 ಎಂಎಂ ಅಳತೆಯ ಎನ್‌ಡಿ8 ಫಿಲ್ಟರ್ ಹಾಕಿಕೊಳ್ಳಲಿ, ಷಟರ್ 1/1000ಕ್ಕೆ ಇಳಿಯುತ್ತದೆ.

ನಿಜವಾಗಿ ಒಳ್ಳೆಯ ಮುಖ ಸಿಗುವುದು ಬಿಸಿಲಲ್ಲಲ್ಲ, ಬಿಸಿಲಿನ ಅಂಚಿನಲ್ಲಿ. ಶಹಾಬಾದ್ ಕಲ್ಲು ಹಾಸಿದ ಅಂಗಳಗಳು ಈ ಭಾಗದ ಭಾಗ್ಯ. ಬೂದು ಬಣ್ಣದ ಆ ಕಲ್ಲಿನ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಪುಟಿದು ಬಾಗಿಲಲ್ಲಿ ಕೂತವರ ಕಣ್ಣಿನ ಕೆಳಗಿನ ನೆರಳನ್ನು ತುಂಬುತ್ತದೆ, ಬಣ್ಣವನ್ನೂ ಕೆಡಿಸುವುದಿಲ್ಲ. ಹೊಸ್ತಿಲಿನಿಂದ ಎರಡು ಅಡಿ ಒಳಗೆ ಕೂರಿಸಿ, ಮುಖ ಅಂಗಳದ ಕಡೆಗಿರಲಿ, ನೀವು ಅಂಗಳದಲ್ಲಿ ನಿಲ್ಲಿ. ಒಳಮನೆಯ ಕತ್ತಲು ತಾನೇ ಕಪ್ಪು ಹಿನ್ನೆಲೆ ಆಗುತ್ತದೆ. ಕತ್ತಲು ಫ್ರೇಮಿನ ತುಂಬ ಇದ್ದಾಗ ಕ್ಯಾಮೆರಾ ಮುಖವನ್ನು ಬೇಕಾದ್ದಕ್ಕಿಂತ ಬೆಳ್ಳಗೆ ಮಾಡುವುದರಿಂದ ಎಕ್ಸ್‌ಪೋಷರ್ ಕಾಂಪನ್ಸೇಶನ್ (ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಹೊಂದಿಕೆ) ಮೈನಸ್ 2/3 ಇಡಿ. ಸುಣ್ಣ ಬಳಿದ ಗೋಡೆ ಹಿಂದಿದ್ದರೆ ಇದೇ ಲೆಕ್ಕ ತಿರುಗುಮುರುಗು, ಪ್ಲಸ್ 2/3.

ಬೀದರ್‌ನಲ್ಲಿ ಸಮಸ್ಯೆ ಬೇರೆ. ಕೋಟೆಯ ಗೋಡೆ ಜಂಬಿಟ್ಟಿಗೆ ಕಲ್ಲಿನದು. ಸಂಜೆ ಬಿಸಿಲು ಅದಕ್ಕೆ ಬಡಿದು ಮುಖದ ಒಂದು ಪಕ್ಕಕ್ಕೆ ಕೆಂಪು ಹಚ್ಚುತ್ತದೆ. ಬೆಳಕಿನ ಬಣ್ಣವನ್ನು ತಾನೇ ಸರಿದೂಗಿಸುವ ಆಟೋ ವೈಟ್ ಬ್ಯಾಲೆನ್ಸ್ ಆ ಕೆಂಪನ್ನು ಸರಿಪಡಿಸಲು ಹೋಗಿ ಇನ್ನೊಂದು ಕೆನ್ನೆಯನ್ನು ನೀಲಿ ಮಾಡುತ್ತದೆ. ಇದು ಲೆನ್ಸ್‌ನ ದೋಷವಲ್ಲ, ಆದರೆ ಬೈಗುಳ ತಿನ್ನುವುದು ಲೆನ್ಸ್. ಪರಿಹಾರ ಸುಲಭ: ವ್ಯಕ್ತಿಯನ್ನು ಗೋಡೆಯಿಂದ ಎರಡು ಮೀಟರ್ ಈಚೆಗೆ ತನ್ನಿ, ವೈಟ್ ಬ್ಯಾಲೆನ್ಸ್ ಡೇಲೈಟ್‌ಗೆ ಕಟ್ಟಿಹಾಕಿ, ಬಣ್ಣವನ್ನು ಆಮೇಲೆ ತಿದ್ದಲು ಬಿಡುವ ರಾ ಫೈಲ್‌ನಲ್ಲೇ ತೆಗೆಯಿರಿ, ಗೋಡೆಯ ಪಕ್ಕದಲ್ಲಿ ಬಿಳಿ ಥರ್ಮಾಕೋಲ್ ಹಾಳೆ ಹಿಡಿಸಿ. ಹಿನ್ನೆಲೆಗೆ ಮಹಮೂದ್ ಗಾವಾನ್ ಮದರಸಾದ ಉಳಿದಿರುವ ಬಣ್ಣದ ಹೆಂಚುಗಳು ಬೇಕೆಂದರೆ ಎಫ್/5.6ಕ್ಕೆ ಹೋಗಿ. 1472ರಲ್ಲಿ ಕಟ್ಟಿ ಮುಗಿಸಿದ ಗೋಡೆಯನ್ನು ಬಣ್ಣದ ಕಲೆಯಾಗಿ ಕರಗಿಸುವುದಾದರೆ ಬೀದರ್‌ವರೆಗೆ ಹೋಗುವ ಅಗತ್ಯವೇ ಇರಲಿಲ್ಲ. ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಕೈಯಲ್ಲಿ ಹಿಡಿದು ತೆಗೆಯಬಲ್ಲ ಇಂಥ ಲೆನ್ಸ್ ಅಲ್ಲಿ ಅದಕ್ಕೇ ಅನುಕೂಲ.

ಎಫ್/2 ಮತ್ತು ಅದಕ್ಕಿಂತ ಕೆಳಗಿನದು ಸಾರ್ಥಕವಾಗುವ ಜಾಗಗಳೂ ಇವೆ. ಕಲಬುರಗಿ ಕೋಟೆಯೊಳಗಿನ 1367ರ ಜಾಮಾ ಮಸೀದಿಗೆ ತೆರೆದ ಅಂಗಳವಿಲ್ಲ, ಇಡೀ ಹರವು ಗುಮ್ಮಟಗಳ ಕೆಳಗೇ ಇದೆ. ಬೆಳಕು ಪಕ್ಕದ ಕಮಾನುಗಳಿಂದ ಅಡ್ಡಲಾಗಿ, ಮೆತ್ತಗೆ ಬರುತ್ತದೆ. ಅಲ್ಲಿ ಎಫ್/2, 1/125, ಐಎಸ್‌ಒ 800ರಿಂದ ಶುರು ಮಾಡಿ. ಬೀದರ್‌ನ ಬಿದರಿ ಕೆಲಸದ ಕೋಣೆಗಳೂ ಹಾಗೆಯೇ. ಈ ಲೆನ್ಸ್ 35 ಸೆಂ.ಮೀ.ವರೆಗೂ ಹತ್ತಿರ ಫೋಕಸ್ ಮಾಡುತ್ತದೆ, ಆಗ ಫ್ರೇಮ್ ಸುಮಾರು 10 ಸೆಂ.ಮೀ. ಅಗಲದ್ದು. ಉಳಿ ಹಿಡಿದ ಬೆರಳು, ಕೂರಿಸುತ್ತಿರುವ ಬೆಳ್ಳಿ ತಂತಿ ಅಷ್ಟರಲ್ಲಿ ತುಂಬಿಕೊಳ್ಳುತ್ತವೆ. ಆದರೆ ಅಷ್ಟು ಹತ್ತಿರದಲ್ಲಿ ಎಫ್/1.8ರ ಆಳ ಕೆಲವೇ ಮಿಲಿಮೀಟರ್, ಎಫ್/5.6 ಬೇಕು. ಕಪ್ಪು ಲೋಹ ನೋಡಿ ಕ್ಯಾಮೆರಾ ಮೋಸ ಹೋಗಿ ಬೆಳ್ಳಿಯನ್ನು ಸುಡುತ್ತದೆ, ಮೈನಸ್ 1 ಇಟ್ಟು ತೆಗೆಯಿರಿ. ಕೆಲಸಗಾರರ ಮುಖಕ್ಕೆ ಒಂದೂವರೆ ಮೀಟರ್ ಹಿಂದೆ ಬಂದು ಎಫ್/2.2, 1/160, ಐಎಸ್‌ಒ 1600. ಅನುಮತಿ ಕೇಳಿ, ಸ್ವಲ್ಪ ಹೊತ್ತು ಕ್ಯಾಮೆರಾ ತೊಡೆಯ ಮೇಲಿಟ್ಟು ಕೂತಿರಿ. ಅವರ ಗಮನ ಉಳಿಯ ಕಡೆ ಮರಳಿದ ಮೇಲೆ ಸಿಗುವ ಮುಖವೇ ಬೇರೆ.

ಕ್ಯಾಂಡಿಡ್‌ಗೆ ಬಂದರೆ, ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ 1.8ಕ್ಕೆ ಕೆಲಸವಿಲ್ಲ. ಎಫ್/4, ಷಟರ್ 1/500, ಆಟೋ ಐಎಸ್‌ಒಗೆ ಮೇಲ್ಮಿತಿ 3200, ಫೋಕಸ್ ಎಐ ಸರ್ವೋ (ಚಲಿಸುವವರನ್ನು ಹಿಂಬಾಲಿಸುವ ಕ್ರಮ). ಮೂರು ಮೀಟರ್ ದೂರದಲ್ಲಿ ಅರ್ಧ ಮೀಟರ್‌ಗೂ ಹೆಚ್ಚು ಆಳ ಸಿಗುತ್ತದೆ, ತಳ್ಳುಗಾಡಿಯವರು ತೂಕ ಹಾಕುತ್ತ ಮುಂದೆ ಬಾಗಿದರೂ ಮುಖ ಉಳಿಯುತ್ತದೆ. ಈ ಲೆನ್ಸ್‌ನಲ್ಲಿ ಕೈ ನಡುಕ ಸರಿದೂಗಿಸುವ ಇಮೇಜ್ ಸ್ಟೆಬಿಲೈಸೇಶನ್ ಇಲ್ಲ. ಸುಮ್ಮನೆ ಕೂತವರಿಗೂ 1/100ಕ್ಕಿಂತ ಕೆಳಗೆ ಇಳಿಯಬೇಡಿ. ಹೋಳಿ ಆದಮೇಲೆ ಬರುವ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಪೂರ್ತಿ ಬೇಕೆಂದರೆ ಇದನ್ನು ಚೀಲದಲ್ಲೇ ಬಿಟ್ಟು ಕಿಟ್ ಲೆನ್ಸ್ ಹಾಕಿ. ಇದರಿಂದ ತೇರು ನೋಡುತ್ತಿರುವವರನ್ನು ತೆಗೆಯಿರಿ.

ಇಕ್ಕಟ್ಟೇ ಇದರ ದೊಡ್ಡ ಮಿತಿ. ಸಣ್ಣ ಸೆನ್ಸರ್‌ನಲ್ಲಿ 50 ಎಂಎಂ ಎಂದರೆ ಫುಲ್ ಫ್ರೇಮ್‌ನ, ಅಂದರೆ ದೊಡ್ಡ ಸೆನ್ಸರ್‌ನ, 80 ಎಂಎಂನಷ್ಟು ಕಿರಿದಾದ ನೋಟ. ನಿಂತ ಮನುಷ್ಯನನ್ನು ತಲೆಯಿಂದ ಪಾದದವರೆಗೆ ತೆಗೆಯಲು ನಾಲ್ಕೂವರೆ ಮೀಟರ್, ಅಂದರೆ ಹದಿನೈದು ಅಡಿ ಹಿಂದೆ ಸರಿಯಬೇಕು. ಹತ್ತಡಿ ಕೋಣೆಯಲ್ಲಿ ಬೆನ್ನು ಗೋಡೆಗೆ ಹತ್ತಿಸಿದರೂ ಮೊಣಕಾಲಿನವರೆಗೆ ಮಾತ್ರ ಬರುತ್ತದೆ. ತೊಟ್ಟಿಲು ಶಾಸ್ತ್ರ, ಮನೆಯ ಹಬ್ಬ ಇಂಥವೇ ಹೆಚ್ಚು ತೆಗೆಯುವವರಿಗೆ ಇಎಫ್-ಎಸ್ 24 ಎಂಎಂ ಎಫ್/2.8 ಎಸ್‌ಟಿಎಂ ಮೇಲು. ಹಿನ್ನೆಲೆ ಅಷ್ಟು ಕರಗುವುದಿಲ್ಲ, ಆದರೆ ಕೋಣೆ ಹಿಡಿಸುತ್ತದೆ.

ಫೋಕಸ್ ವಿಷಯದಲ್ಲಿ ದೂರುಗಳು ಹೆಚ್ಚು, ಬಹುಪಾಲು ತಪ್ಪು ಕ್ರಮದಿಂದ ಬಂದವು. ಒಂಬತ್ತೂ ಫೋಕಸ್ ಪಾಯಿಂಟ್ ಚಾಲೂ ಬಿಟ್ಟರೆ ಕ್ಯಾಮೆರಾ ಹತ್ತಿರದ ಮೂಗನ್ನೋ ಕೈಯನ್ನೋ ಹಿಡಿಯುತ್ತದೆ. ಒಂದೇ ಪಾಯಿಂಟ್ ಆರಿಸಿ, ಹತ್ತಿರದ ಕಣ್ಣಿನ ಮೇಲಿಡಿ. 1500ಡಿಯಲ್ಲಿ ನಡುವಿನ ಪಾಯಿಂಟ್ ಒಂದೇ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಗುರುತಿಸುವಂಥದ್ದು), ಮಂದ ಬೆಳಕಿನಲ್ಲಿ ಉಳಿದವು ತಡಕಾಡುತ್ತವೆ. ನಡುವಿನದರಲ್ಲೇ ಫೋಕಸ್ ಮಾಡಿ ಫ್ರೇಮ್ ಸರಿಸುವುದಾದರೆ ಆ ಹೊತ್ತಿಗೆ ನಿಮ್ಮ ಮೈ ಎರಡು ಸೆಂ.ಮೀ. ಹಿಂದೆ ಮುಂದೆ ವಾಲಿರುತ್ತದೆ, ಒಂದು ಮೀಟರ್ ದೂರದಲ್ಲಿ ಎಫ್/2.8 ಅದನ್ನು ತಡೆದುಕೊಳ್ಳುತ್ತದೆ, 1.8 ತಡೆದುಕೊಳ್ಳುವುದಿಲ್ಲ. 200ಡಿ ಮಾರ್ಕ್ 2 ಇದ್ದವರು ಹಿಂದಿನ ಪರದೆಯಲ್ಲಿ ನೋಡಿ ತೆಗೆಯುವ ಲೈವ್ ವ್ಯೂಗೆ ಹೋಗಿ ಕಣ್ಣು ಹುಡುಕುವ ಐ ಡಿಟೆಕ್ಷನ್ ಹಾಕಿಕೊಳ್ಳಲಿ, ಅರ್ಧ ತಲೆನೋವು ಅಲ್ಲಿಗೆ ಮುಗಿಯಿತು.

ನಿಜವಾದ ದೋಷಗಳೂ ಇವೆ. ಎದುರು ಬೆಳಕಿನಲ್ಲಿ ಚಿತ್ರ ಮಂಕಾಗುತ್ತದೆ. ಲೆನ್ಸ್ ಮೂತಿಗೆ ಹಾಕುವ ಬೆಳಕಿನ ಮರೆ, ಇಎಸ್-68 ಹುಡ್ ಬೇಕು, ಅದನ್ನು ಡಬ್ಬಿಯಲ್ಲಿ ಕೊಡುವುದಿಲ್ಲ, ಬೇರೆ ಕೊಳ್ಳಬೇಕು. ಎಫ್/1.8ರಲ್ಲಿ ಬಿಳಿ ಟೋಪಿ, ಬೆಳ್ಳಿ ಒಡವೆಯ ಅಂಚಿಗೆ ನೇರಳೆ, ಹಸಿರು ಗೆರೆ ಕಾಣುತ್ತದೆ, 2.8ರ ಹೊತ್ತಿಗೆ ಬಹಳ ಕಡಿಮೆಯಾಗುತ್ತದೆ. ಹಿಂದೆ ಬೇವಿನ ಎಲೆಯ ಸಂದಿಯಲ್ಲಿ ಆಕಾಶ ಇಣುಕುತ್ತಿದ್ದರೆ ಹಿನ್ನೆಲೆ ಗಜಿಬಿಜಿ ಆಗುತ್ತದೆ, ಜಾಗ ಬದಲಿಸುವುದೇ ದಾರಿ. ಫೋಕಸ್ ರಿಂಗ್ ಕ್ಯಾಮೆರಾ ಆನ್ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ, ದೂರದ ಅಳತೆಯೂ ಬರೆದಿಲ್ಲ.

ಧೂಳು ತಡೆಯುವ ರಬ್ಬರ್ ಇದರಲ್ಲಿಲ್ಲ. ತೊಗರಿ ಮಿಲ್ಲು, ಕಲ್ಲಿನ ಗಣಿ, ರಾಶಿ ಮಾಡುವ ಹೊಲ, ಇಂಥ ಕಡೆ ಲೆನ್ಸ್ ಬದಲಿಸಬೇಡಿ, ಮನೆಯಲ್ಲೇ ಹಾಕಿಕೊಂಡು ಹೋಗಿ. ಫೋಕಸ್ ಮಾಡುವಾಗ ಒಳಗಿನ ನಳಿಕೆ ಮುಂದಕ್ಕೆ ಚಾಚುತ್ತದೆ, ಹಾಗೇ ಆಫ್ ಮಾಡಿ ಚೀಲಕ್ಕೆ ತುರುಕಿದರೆ ಮೂತಿಗೆ ಬಿದ್ದ ಪೆಟ್ಟು ನೇರವಾಗಿ ಮೋಟಾರಿನ ಹಲ್ಲುಗಳಿಗೆ ಹೋಗುತ್ತದೆ. ದೂರದ ಮರಕ್ಕೋ ಕಂಬಕ್ಕೋ ಒಮ್ಮೆ ಫೋಕಸ್ ಮಾಡಿ, ನಳಿಕೆ ಒಳಗೆ ಹೋದ ಮೇಲೆ ಆಫ್ ಮಾಡಿ.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಒಂದು ದಿನಪತ್ರಿಕೆಯನ್ನು ಕೌಂಟರ್ ಮೇಲೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಒಂದು ಮೀಟರ್ ದೂರ, ಎಫ್/1.8, ನಡುವಿನ ಪಾಯಿಂಟ್, ಒಂದೇ ಸಾಲಿನ ಮೇಲೆ ಫೋಕಸ್ ಮಾಡಿ ಹತ್ತು ಸಲ ತೆಗೆಯಿರಿ. ಪ್ರತಿ ಸಲವೂ ಬೇರೆ ಯಾವುದಾದರೂ ವಸ್ತುವಿನ ಮೇಲೆ ಫೋಕಸ್ ಕದಲಿಸಿ ಮತ್ತೆ ಬನ್ನಿ. ಹತ್ತರಲ್ಲಿ ಒಂದೆರಡು ಆಚೀಚೆ ಆದರೆ ಅದು ಸಹಜ. ಹತ್ತೂ ಒಂದೇ ಕಡೆಗೆ ತಪ್ಪಿದರೆ ಬೇರೆ ಪೀಸ್ ಕೇಳಿ; 1500ಡಿ, 200ಡಿಗಳಲ್ಲಿ ಅದನ್ನು ಮೆನುವಿನಿಂದ ಸರಿಪಡಿಸುವ ಸೌಲಭ್ಯವಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ 1990ರ ಹಳೆಯ "2" ಮಾದರಿಯನ್ನು ಇದೇ ಎಂದು ತೋರಿಸುವುದುಂಟು. ಅದರ ಮೌಂಟ್ ಪ್ಲಾಸ್ಟಿಕ್, ಅಪರ್ಚರ್ ಎಲೆಗಳು ಐದೇ, ಹತ್ತಿರದ ಫೋಕಸ್ 45 ಸೆಂ.ಮೀ., ಫಿಲ್ಟರ್ ಅಳತೆ 52 ಎಂಎಂ, ಮೋಟಾರ್ ಕಿರ್ರೆನ್ನುತ್ತದೆ. ಹೊಸದರಲ್ಲಿ ಎಲೆಗಳು ಏಳು, ಮುಂದೆ 49 ಎಂಎಂ ಎಂದೂ ಎಸ್‌ಟಿಎಂ ಎಂದೂ ಬರೆದಿರುತ್ತದೆ. ಹೊಸದು ಕೊಳ್ಳುವಾಗ ಲೆನ್ಸ್ ಮೇಲಿನ ಕ್ರಮಸಂಖ್ಯೆ, ಡಬ್ಬಿಯ ಸಂಖ್ಯೆ, ಬಿಲ್ಲಿನ ಸಂಖ್ಯೆ ಮೂರೂ ಒಂದೇ ಇದೆಯೇ ನೋಡಿಕೊಂಡು ವಾರಂಟಿ ಕಾರ್ಡ್‌ಗೆ ಅಂಗಡಿಯ ಮೊಹರು ಹಾಕಿಸಿಕೊಳ್ಳಿ.