ಆರ್‌ಜಿಬಿ ಅಕ್ವೇರಿಯಂ ದೀಪ: ಎರಡು ವರ್ಷಗಳ ಬಳಕೆಯ ನಂತರ

ಕೆಂಪು, ಹಸಿರು, ನೀಲಿ, ಬಿಳಿ ಎಲ್‌ಇಡಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದಾದ ಈ ದೀಪವನ್ನು ಗಿಡಗಳ ತೊಟ್ಟಿಗೆ ಅಳವಡಿಸಿ ಎರಡು ವರ್ಷ ದಾಟಿತು. ದೀಪ ಚೆನ್ನಾಗಿದೆ; ಆದರೆ ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ನಂಬಬೇಡಿ.

‘ಗಿಡಗಳ ಬೆಳವಣಿಗೆ’ ಎಂಬ ಸಿದ್ಧ ಆಯ್ಕೆಯನ್ನು ಒತ್ತಿದರೆ ಕೆಂಪು, ನೀಲಿ ಎರಡೇ ಉಳಿದು ಇಡೀ ತೊಟ್ಟಿ ನೇರಳೆಯಾಗುತ್ತದೆ. ಕ್ಲೋರೊಫಿಲ್ ಹೆಚ್ಚಾಗಿ ಹೀರಿಕೊಳ್ಳುವುದು 430–450 (ನೀಲಿ) ಮತ್ತು 640–660 (ಕೆಂಪು) ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಎಂಬುದೇ ಇದರ ಹಿಂದಿನ ಲೆಕ್ಕ. ಆದರೆ ಹಸಿರು ಬೆಳಕನ್ನೂ ಎಲೆಗಳು ಸಾಕಷ್ಟು ಬಳಸಿಕೊಳ್ಳುತ್ತವೆ. ನೇರಳೆ ಬೆಳಕಿನಲ್ಲಿ ಗಿಡಗಳೇನೋ ಬೆಳೆದವು, ಮೀನುಗಳ ಬಣ್ಣ ಮಾತ್ರ ಗುರುತೇ ಸಿಗಲಿಲ್ಲ. ಆ ಆಯ್ಕೆಯನ್ನು ಕೈಬಿಟ್ಟೆ.

ಕೆಂಪು ಚಾನೆಲ್ (ಒಂದೇ ಬಣ್ಣದ ಎಲ್‌ಇಡಿಗಳ ಗುಂಪು) ಏರಿಸಿದ ಕೂಡಲೇ ರೊಟಾಲ, ಲುಡ್ವಿಜಿಯಾ ಗಿಡಗಳು ಕೆಂಡದಂತೆ ಹೊಳೆಯುತ್ತವೆ. ಒಂದು ತುದಿಯನ್ನು ಕತ್ತರಿಸಿ ಹಗಲ ಬೆಳಕಿಗೆ ಹಿಡಿದರೆ ಬಂಡವಾಳ ಬಯಲು: ಎಲೆ ಮಾಸಲು ಕಿತ್ತಳೆ ಬಣ್ಣದ್ದು! ಕೆಂಪು ಬೆಳಕು ಎಲೆಯಲ್ಲಿರುವ ಕೆಂಪನ್ನು ಎತ್ತಿ ತೋರಿಸುತ್ತದೆ, ಅಷ್ಟೇ. ಎಲೆಯೊಳಗೆ ಆಂಥೊಸಯಾನಿನ್ ಎಂಬ ಕೆಂಪು ವರ್ಣಕ ಹೆಚ್ಚಬೇಕಾದರೆ ಬೆಳಕಿನ ಒಟ್ಟು ತೀವ್ರತೆ ಬೇಕು. ನೀಲಿಯ ಪಾಲೂ ಅದಕ್ಕೆ ನೆರವಾಗುತ್ತದೆ. ನಾಲ್ಕೂ ಚಾನೆಲ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ, ಇಂಗಾಲದ ಡೈಆಕ್ಸೈಡ್ ಕೊಡುವುದನ್ನು ಮುಂದುವರಿಸಿ, ನೈಟ್ರೇಟ್ ಅನ್ನು ತುಸು ತಗ್ಗಿಸಿದ ಮೇಲೆ ರೊಟಾಲದ ಹೊಸ ಚಿಗುರುಗಳು ಹಗಲ ಬೆಳಕಿನಲ್ಲಿಯೂ ಕೆಂಪಾಗಿಯೇ ಕಂಡವು. ಹಳೆಯ ಎಲೆಗಳು ಹಾಗೆಯೇ ಉಳಿದವು. ನೀಲಿಯನ್ನು ತೀರಾ ಇಳಿಸಿದ್ದ ದಿನಗಳಲ್ಲಿ ಕಾಂಡಗಳು ಉದ್ದಕ್ಕೆ ಎಳೆದುಕೊಂಡು ಗೆಣ್ಣುಗಳ ನಡುವಿನ ಅಂತರ ಹೆಚ್ಚಿತ್ತು. ಏರಿಸಿದ ಮೇಲೆ ಗಿಡ ಒತ್ತಾಗಿ ಬಂತು.

ಬೆಳಕು ಏರಿದರೆ ಪಾಚಿಗೂ ಹಬ್ಬ. ನಿಧಾನವಾಗಿ ಬೆಳೆಯುವ ಅನುಬಿಯಾಸ್ ಎಲೆಗಳ ಮೇಲೆ ಮೊದಲು ಹಸಿರು ಚುಕ್ಕೆಗಳು ಕಾಣಿಸಿಕೊಂಡವು. ದೀಪದ ಅವಧಿಯನ್ನು 8 ಗಂಟೆಯಿಂದ 6 ಗಂಟೆಗೆ ಇಳಿಸಿ, ಆ ಗಿಡಗಳನ್ನು ನೆರಳಿಗೆ ಸರಿಸಿದ ಮೇಲೆ ಹತೋಟಿಗೆ ಬಂದಿತು.

ದೂರುಗಳೂ ಇವೆ. ವಿದ್ಯುತ್ ಹೋಗಿ ಬಂದರೆ ಟೈಮರ್ ಎಲ್ಲವನ್ನೂ ಮರೆತುಬಿಡುತ್ತದೆ. ಇಷ್ಟು ಬೆಲೆಯ ವಸ್ತುವಿನಲ್ಲಿ ಇದನ್ನು ಸಹಿಸುವುದು ಕಷ್ಟ. ನೀರಿನ ಹನಿ ಸಿಡಿದು ಕೆಳಗಿನ ಪಾರದರ್ಶಕ ಹೊದಿಕೆಯ ಮೇಲೆ ಸುಣ್ಣದ ಕಲೆ ಕಟ್ಟುತ್ತದೆ, ಬೆಳಕೂ ಕಡಿಮೆಯಾಗುತ್ತದೆ. ದೀಪ ಆರಿಸಿ, ವಿನೆಗರ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಎಲ್‌ಇಡಿ ಒಂದೂ ಇದುವರೆಗೆ ಕೆಟ್ಟಿಲ್ಲ.

ರೊಟಾಲದಂಥ ಕೆಂಪು ಎಲೆಯ ಗಿಡಗಳನ್ನು ಬೆಳೆಸುವವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಜಾವಾ ಫರ್ನ್, ಅನುಬಿಯಾಸ್‌ನಂಥ ಕಡಿಮೆ ಬೆಳಕು ಸಾಕಾಗುವ ಗಿಡಗಳು ಮಾತ್ರ ಇರುವ ತೊಟ್ಟಿಗೆ 6500 ಕೆಲ್ವಿನ್‌ನ (ಹಗಲ ಬೆಳಕಿನಂಥ) ಸಾದಾ ಬಿಳಿ ಎಲ್‌ಇಡಿ ದೀಪವೇ ಸಾಕು.