ಮಗಳೊಂದಿಗೆ ಬಿಚ್ಚಿ ಜೋಡಿಸಿದ ಎಕ್ಸ್‌ಪಲ್ಸ್ 200

ಹೀರೋ ಕಂಪನಿಯು 2019ರ ಮೇ ತಿಂಗಳಿನಲ್ಲಿ ಎಕ್ಸ್‌ಪಲ್ಸ್ 200 ಬೈಕನ್ನು ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಯಾಂತ್ರಿಕ ಭಾಗ) ಮತ್ತು ಫ್ಯೂಯೆಲ್ ಇಂಜೆಕ್ಷನ್ (ಅದೇ ಕೆಲಸವನ್ನು ಎಲೆಕ್ಟ್ರಾನಿಕ್ ಆಗಿ ಮಾಡುವ ವ್ಯವಸ್ಥೆ) ಎಂಬ ಎರಡು ಬಗೆಗಳಲ್ಲಿ ಮಾರುಕಟ್ಟೆಗೆ ತಂದಿತ್ತು. ಮರುವರ್ಷ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದು ಕಾರ್ಬ್ಯುರೇಟರ್ ಬಗೆ ನಿಂತುಹೋಯಿತು. ಸೆಕೆಂಡ್‌ಹ್ಯಾಂಡ್‌ನಲ್ಲಿ ನಾನು ಹುಡುಕಿ ಕೊಂಡದ್ದು ಅದನ್ನೇ. ಹದಿನೈದರ ಮಗಳಿಗೆ ರಿಪೇರಿಯ ಹುಚ್ಚು. ಸ್ಪ್ಯಾನರ್, ಸ್ಕ್ರೂಡ್ರೈವರ್ ಹಿಡಿದು ಕೂತರೆ ಅರ್ಥವಾಗುವ ಎಂಜಿನ್ ನಮಗೆ ಬೇಕಾಗಿತ್ತು.

ಆ ಲೆಕ್ಕದಲ್ಲಿ ಈ ಗಾಡಿ ನಿರಾಸೆಗೊಳಿಸಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮೂರು ತಿಂಗಳು ಶೆಡ್ಡಿನಲ್ಲೇ ನಿಂತಿದ್ದ ಬೈಕು ಸೆಪ್ಟೆಂಬರಿನಲ್ಲಿ ಸ್ಟಾರ್ಟ್ ಆಗಲಿಲ್ಲ. ಚೋಕ್ ಎಳೆದರೆ ಒಂದು ಕ್ಷಣ ಕೆಮ್ಮಿ ಸುಮ್ಮನಾಗುತ್ತಿತ್ತು. ತಪ್ಪು ನನ್ನದೇ, ಪೆಟ್ರೋಲನ್ನು ಖಾಲಿ ಮಾಡದೆ ಬಿಟ್ಟಿದ್ದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಬೌಲ್ ತೆಗೆದಾಗ ತಳದಲ್ಲಿ ಜೋನಿಬೆಲ್ಲದ ಬಣ್ಣದ ಅಂಟು ಕೂತಿತ್ತು. ಮಗಳು ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ರಂಧ್ರದ ಪೈಲಟ್ ಜೆಟ್ಟನ್ನು ತಿರುಗಿಸಿ ತೆಗೆದು, ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿದಳು. ಆಚೆ ಬದಿ ಕಾಣಲಿಲ್ಲ. ನಾನು ಉಕ್ಕಿನ ತಂತಿ ಹುಡುಕುತ್ತಿದ್ದರೆ, ಹಿತ್ತಾಳೆಯ ರಂಧ್ರ ಸವೆದರೆ ಪೆಟ್ರೋಲಿನ ಅಳತೆಯೇ ಕೆಡುತ್ತದೆಂದು ತಡೆದವಳು ಅವಳು. ಕ್ಲೀನರ್ ಸ್ಪ್ರೇಯಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದ ಮೇಲೆ ಸೂಜಿಮೊನೆಯಷ್ಟು ಬೆಳಕು ಕಂಡಿತು. ಅಂದಿನಿಂದ ಆ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಪಾತ್ರೆ ತೊಳೆಯುವ ಬ್ರಷ್ಷು ಶೆಡ್ಡು ಸೇರಿದ್ದಕ್ಕೆ ಮನೆಯವರ ಬೈಗುಳ ಮಾತ್ರ ನನ್ನ ಪಾಲಿನದು.

ಓಡಿಸುವ ವಿಷಯಕ್ಕೆ ಬಂದರೆ, 21 ಇಂಚಿನ ಮುಂದಿನ ಚಕ್ರ, 220 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಬೈಕಿನ ತಳದವರೆಗಿನ ಎತ್ತರ) ಮತ್ತು ಮೇಲಕ್ಕೆತ್ತಿ ಕೂರಿಸಿದ ಸೈಲೆನ್ಸರ್ ಇರುವುದರಿಂದ ತೋಟದ ಕಲ್ಲುಹಾದಿಯನ್ನೂ ಸಣ್ಣ ಹಳ್ಳವನ್ನೂ ಅಂಜದೆ ದಾಟಬಹುದು. 18.4 ಪಿಎಸ್ (ಅಶ್ವಶಕ್ತಿಯ ಒಂದು ಅಳತೆ) ಶಕ್ತಿ ತೋಟದೊಳಗೆ ಧಾರಾಳ, ಹೆದ್ದಾರಿಯಲ್ಲಿ ಕಡಿಮೆ. ಸ್ಪೋಕ್ ಚಕ್ರಗಳಿಗೆ ಟ್ಯೂಬ್ ಟಯರು. ಪಂಕ್ಚರ್ ಆದರೆ ಚಕ್ರವನ್ನೇ ಬಿಚ್ಚಬೇಕು. ಪ್ರಯಾಣಿಕನಿಗೆ ಇದು ಪೀಡೆ, ಕಲಿಯುವವರಿಗೆ ಪಾಠ.

ಆದರೆ ಮಕ್ಕಳ ಡರ್ಟ್ ಬೈಕ್ ಎಂದುಕೊಂಡು ಇದನ್ನು ಕೊಳ್ಳಬೇಡಿ. ಸೀಟು 823 ಮಿಲಿಮೀಟರ್ ಎತ್ತರದಲ್ಲಿದೆ, ತೂಕ 150 ಕಿಲೋ ದಾಟುತ್ತದೆ. ಕಾಫಿ ಕಣದಲ್ಲಿ ಮಗಳು ಮೊದಲ ಗೇರಿನಲ್ಲಿ ಸುತ್ತುವಾಗಲೂ ನಾನು ಪಕ್ಕದಲ್ಲೇ ನಡೆಯುತ್ತೇನೆ, ಏಕೆಂದರೆ ಬಿದ್ದ ಬೈಕನ್ನು ಎತ್ತುವುದು ಅವಳೊಬ್ಬಳಿಂದ ಆಗದ ಕೆಲಸ. ಗೇರ್ ಬೈಕಿನ ಲೈಸೆನ್ಸಿಗೆ 18 ತುಂಬಬೇಕು, ಹಾಗಾಗಿ ರಸ್ತೆಯ ಮಾತೇ ಇಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಡಿ ಅಪ್ರಾಪ್ತರು ರಸ್ತೆಯಲ್ಲಿ ಓಡಿಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡದ ಜೊತೆಗೆ ಮೂರು ವರ್ಷಗಳವರೆಗೆ ಜೈಲೂ ಆಗಬಹುದು.

ಹಳೆಯದನ್ನು ಕೊಳ್ಳುವವರು ಮುಂಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲನ್ನು ಎಡಬಲಕ್ಕೆ ನಿಧಾನವಾಗಿ ತಿರುಗಿಸಿ ನೋಡಿ. ನಡುವೆ ಎಲ್ಲಿಯಾದರೂ ಕಚ್ಚಿದಂತಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ ಎಂದರ್ಥ. ಸ್ಪೋಕುಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ಕೇಳಿ. ನಮ್ಮ ಗಾಡಿಯ ಹಿಂದಿನ ಚಕ್ರದಲ್ಲಿ ಮಂಕಾಗಿ ಸದ್ದು ಮಾಡಿದ, ಅಂದರೆ ಸಡಿಲಗೊಂಡಿದ್ದ ಎರಡನ್ನು ನಾನು ಗಮನಿಸಿರಲಿಲ್ಲ. ಕಿವಿಗೊಟ್ಟು ಹಿಡಿದವಳು ಮಗಳು, ಮಾರುವವರು ಅಲ್ಲೇ 500 ರೂಪಾಯಿ ಇಳಿಸಿದರು.